ಸ್ಲಿಪ್ಪರ್ ಎಲ್ಲಿ ಬಿಡಬೇಕು?

ಪ್ರಶ್ನೆ: ಮುಂದಿನ ತಿಂಗಳು ಜಪಾನಿನ ಕ್ಯೋಟೋಗೆ ಹೋಗುತ್ತಿದ್ದೇವೆ, ರ‍್ಯೋಕಾನ್ ಅನ್ನೋ ಹಳೇ ಥರದ ವಸತಿಗೃಹದಲ್ಲಿ ಉಳಿಯುತ್ತೇವೆ. ಅಲ್ಲಿ ಹೇಗಿರಬೇಕು?

ಉತ್ತರ: ಚಪ್ಪಲಿ ಹೊರಗೆ ಬಿಡೋದು ನಮಗೆ ಹೊಸದಲ್ಲ ಅಲ್ವಾ, ಆದರೆ ಅಲ್ಲಿ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ಬಾಗಿಲ ಒಳಗಿನ ತಗ್ಗು ಜಾಗ ಗೆನ್ಕಾನ್. ಅಲ್ಲಿ ಶೂ ಬಿಚ್ಚಿ, ಅವರು ಕೊಟ್ಟ ಸ್ಲಿಪ್ಪರ್ ಹಾಕಿಕೊಂಡು ಒಳಗೆ ಹೋಗಿ, ತತಾಮಿ ಚಾಪೆಯ ಕೋಣೆ ಬಂದರೆ ಅದನ್ನೂ ಬಿಟ್ಟು ಬರೀ ಸಾಕ್ಸ್‌ನಲ್ಲೇ ಕಾಲಿಡಿ. ಟಾಯ್ಲೆಟ್‌ಗೆ ಬೇರೆಯದೇ ಸ್ಲಿಪ್ಪರ್ ಇರುತ್ತದೆ, ಅದನ್ನೇ ಹಾಕಿಕೊಂಡು ಹೊರಗೆ ಬಂದುಬಿಡಬೇಡಿ. ತೂತಿಲ್ಲದ ಸಾಕ್ಸ್ ಒಯ್ಯಿರಿ!

ಊಟಕ್ಕೆ ಕೂತಾಗ ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಲೇಬೇಡಿ. ಸತ್ತವರಿಗೆ ಎಡೆ ಇಡುವಾಗ ಹಾಗೆ ಮಾಡುತ್ತಾರೆ, ಪಕ್ಕದಲ್ಲಿ ಕೂತವರಿಗೆ ನಿಜವಾಗಿಯೂ ನೋವಾಗುತ್ತದೆ. ಹೋಟೆಲಿನಲ್ಲಿ ಟಿಪ್ಸ್ ಕೊಡೋ ರೂಢಿ ಇಲ್ಲ, ಸ್ವಲ್ಪ ತಲೆ ಬಾಗಿಸಿ 'ಅರಿಗಾತೋ' (ಥ್ಯಾಂಕ್ಸ್) ಅಂದರೆ ಸಾಕು.