ಬರ್ಲಿನ್‌ನಲ್ಲಿ ಡಿಜೆ ಆಗೇ ಹೊಟ್ಟೆ ಹೊರೀಬಹುದಾ ಅಂತ ಕೇಳಿದ ತಮ್ಮನಿಗೆ

ಇಂದಿರಾನಗರ, ಕೋರಮಂಗಲ ಪಬ್ಬುಗಳಲ್ಲಿ ವೀಕೆಂಡ್ ಪ್ಲೇ ಮಾಡ್ತಿದೀನಿ, ಮಾಸ್ಟರ್ಸ್‌ಗೆ ಬರ್ಲಿನ್‌ಗೆ ಬರ್ತಿದೀನಿ, ಒಂದು ವರ್ಷ ನೋಡ್ಕೊಂಡು ಓದು ಬಿಟ್ಟು ಪೂರ್ತಿ ಡಿಜೆ ಆಗ್ಬಿಡ್ಲಾ ಅಂತ ಕೇಳಿದೀಯ. ಡಿಜೆ ಆಗು, ಬೇಡ ಅನ್ನಲ್ಲ, ನಾನೂ ಇಲ್ಲಿ ಹತ್ತು ವರ್ಷದ ಮೇಲಾಯ್ತು ಇದ್ರಲ್ಲೇ ಬಾಡಿಗೆ ಕಟ್ಕೊಂಡಿದೀನಿ. ಆದ್ರೆ ಓದು ಬಿಡೋ ಮಾತು ಮಾತ್ರ ಎತ್ಬೇಡ ಮಾರಾಯ, ನೀನು ಈ ದೇಶದಲ್ಲಿ ಇರೋದೇ ಆ ಓದಿನ ಹೆಸರಲ್ಲಿ.

ಸ್ಟೂಡೆಂಟ್ ಪರ್ಮಿಟ್ ಮೇಲೆ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡ್ಬೋದು, 2024ರಲ್ಲಿ ಜಾಸ್ತಿ ಮಾಡಿದ್ರು, ಮುಂಚೆ 120 ಇತ್ತು. ಆದ್ರೆ ಅದು ಸಂಬಳದ ಕೆಲಸಕ್ಕೆ. ಗಿಗ್‌ಗೆ, ಅಂದ್ರೆ ಒಂದೊಂದು ಶೋಗೆ, ಸಾಮಾನ್ಯವಾಗಿ ಯಾರೂ ಸಂಬಳ ಕೊಡಲ್ಲ, ನೀನೇ ಇನ್‌ವಾಯ್ಸ್ ಹಾಕ್ಬೇಕು, ಅಂದ್ರೆ ಸ್ವಂತ ದುಡಿಮೆ ಲೆಕ್ಕ, ಅದಕ್ಕೆ ಇಮಿಗ್ರೇಷನ್ ಆಫೀಸಿಂದ ಬೇರೆ ಪರ್ಮಿಷನ್ನೇ ತಗೋಬೇಕು. ಐಟಿ ಕೆಲಸದವರೂ, ಬ್ಲೂ ಕಾರ್ಡ್ (ಹೆಚ್ಚು ಓದಿದ ಉದ್ಯೋಗಿಗಳಿಗೆ ಕೊಡೋ ಪರ್ಮಿಟ್) ಇದೆ, ಶನಿವಾರ ಒಂದು ಸೆಟ್ ಬಾರಿಸಿದ್ರೆ ಯಾರು ಕೇಳ್ತಾರೆ ಅಂತಾರೆ. ಪರ್ಮಿಟ್ ರಿನ್ಯೂ ಮಾಡೋವಾಗ ಕೇಳ್ತಾರೆ. ಓದು ಮುಗಿದ ಮೇಲೆ ಫ್ರೀಲಾನ್ಸ್ ಪರ್ಮಿಟ್‌ಗೆ ಹಾಕು, ಅಷ್ಟೊತ್ತಿಗೆ ಕೆಲಸ ಕೊಡ್ತೀವಿ ಅಂತ ಲೆಟರ್ ಬರೆದುಕೊಡೋ ನಾಲ್ಕು ಜನ ಗೊತ್ತಿರಬೇಕು.

ಇನ್ನು ದುಡ್ಡು. ಕ್ಲಬ್ ಹೆಸರು ಕೊಡುತ್ತೆ, ಬಾಡಿಗೆ ಕೊಡಲ್ಲ. ಸಣ್ಣ ಬಾರಲ್ಲಿ ಹೊಸಬರಿಗೆ ನೂರು ಯೂರೋ ಆಸುಪಾಸು ಸಿಕ್ರೆ ಪುಣ್ಯ, ಎಷ್ಟೋ ಸಲ ಬರೀ ಡ್ರಿಂಕ್ಸ್ ಟೋಕನ್ನು ಮತ್ತೆ ಗೆಸ್ಟ್ ಲಿಸ್ಟಲ್ಲಿ ಎರಡು ಹೆಸರು. ಈ ಊರಲ್ಲಿ ಕಲ್ಲೆಸೆದ್ರೆ ಡಿಜೆ ತಲೆ ಮೇಲೇ ಬೀಳೋದು. 2024ರ ಮಾರ್ಚಲ್ಲಿ ಬರ್ಲಿನ್ ಟೆಕ್ನೋ ಸಂಗೀತಾನ ಜರ್ಮನಿಯ ಪರಂಪರೆ ಪಟ್ಟಿಗೆ ಸೇರಿಸಿ ಎಲ್ಲಾ ಚಪ್ಪಾಳೆ ತಟ್ಟಿದ್ರು, ಅದೇ ವರ್ಷದ ಕೊನೇಗೆ ನದಿ ದಂಡೆ ಮೇಲಿದ್ದ ವಾಟರ್‌ಗೇಟ್ ಕ್ಲಬ್ ಬಾಗ್ಲು ಹಾಕ್ತು. ನನ್ನ ಬಾಡಿಗೆ ಬರೋದು ನಮ್ಮ ಜನರ ಮದುವೆ, ಸಂಗೀತ್, ಕಂಪನಿ ದೀಪಾವಳಿ ಪಾರ್ಟಿ, ನವೆಂಬರಲ್ಲಿ ಕನ್ನಡ ಸಂಘದವರ ರಾಜ್ಯೋತ್ಸವ, ಇವುಗಳಿಂದ. ಕ್ಲಬ್ ಡಿಜೆಗಳು ಮದುವೆ ಅಂದ್ರೆ ಮೂಗು ಮುರೀತಾರೆ, ಮುರೀಲಿ. ಟೆಕ್ನೋ ಸೆಟ್ಟಲ್ಲಿ ಕತ್ತಲೆ ಇರುತ್ತೆ, ಹೊಗೆ ಇರುತ್ತೆ, ಒಂದು ಮಿಕ್ಸ್ ಜಾರಿದ್ರೂ ಯಾರಿಗೂ ಗೊತ್ತಾಗಲ್ಲ. ಮದುವೇಲಿ ಅಜ್ಜಿ ಎದುರಿಗೇ ಕೂತಿರ್ತಾರೆ.

ರಾಜ್ಯೋತ್ಸವದಲ್ಲಿ ತಮಟೆ ಕೇಳೇ ಕೇಳ್ತಾರೆ, ಇದೊಂದು ಟ್ರಿಕ್ ಹೇಳ್ತೀನಿ ಕೇಳು. ನಮ್ಮ ಕುಣಿಯೋ ತಮಟೆ ಏಟು ಹೆಚ್ಚಾಗಿ ಮೂರು ಮೂರಾಗಿ ಉರುಳುತ್ತೆ, ಹೌಸ್ ಟೆಕ್ನೋ ಎಲ್ಲಾ ನಾಲ್ಕರ ಲೆಕ್ಕ. ರೆಕಾರ್ಡ್‌ಬಾಕ್ಸ್ ಅನ್ನೋ ಡಿಜೆ ಸಾಫ್ಟ್‌ವೇರ್ ಹಾಕೋ ಗ್ರಿಡ್ (ಏಟುಗಳ ಗುರುತು) ನಂಬಿ, ಎರಡು ಹಾಡಿನ ವೇಗ ತಾನಾಗೇ ಹೊಂದಿಸೋ ಸಿಂಕ್ ಒತ್ತಿದ್ರೆ ಕೆಡುತ್ತೆ, ಯಾಕಂದ್ರೆ ಅದು ತಮಟೆನೂ ನಾಲ್ಕರಲ್ಲೇ ಎಣಿಸೋಕೆ ಹೋಗಿ ಬಿಪಿಎಂ, ಅಂದ್ರೆ ನಿಮಿಷಕ್ಕೆ ಎಷ್ಟು ಏಟು ಅನ್ನೋದನ್ನ, ತಪ್ಪು ತೋರಿಸುತ್ತೆ. ನೀನೇ ಕೈಯಲ್ಲಿ ಟ್ಯಾಪ್ ಮಾಡಿ ಮುಖ್ಯ ಏಟನ್ನ ಟ್ರ್ಯಾಕಿನ ಕಿಕ್ (ದಪ್ಪ ಡ್ರಮ್ ಏಟು) ಮೇಲೆ ಕೂರಿಸು, ಆಮೇಲೆ ಹೋಗ್ತಿರೋ ಟ್ರ್ಯಾಕಿನ ಹೈ, ಅಂದ್ರೆ ತೆಳು ಸದ್ದು, ಪೂರ್ತಿ ಕಟ್ ಮಾಡು, ತಮಟೆ ಜೊತೆ ಜಗಳ ಆಡೋದು ಅದರೊಳಗಿನ ಹೈ-ಹ್ಯಾಟ್ ತಾಳದ ಸದ್ದೇ. ಬರೀ ಕಿಕ್ಕು ಮತ್ತು ತಮಟೆ ಒಂದು ಹದಿನಾರು ಬಾರ್ (ನಾಲ್ಕು ಏಟಿಗೆ ಒಂದು ಬಾರ್) ಓಡ್ಲಿ ಬಿಡು, ಪಕ್ಕದಲ್ಲಿ ಬಿಯರ್ ಹಿಡ್ಕೊಂಡು ನಿಂತಿರೋ ಜರ್ಮನ್ ಅಳಿಯಂದಿರೂ ಹೆಜ್ಜೆ ಹಾಕೋಕೆ ಶುರು ಮಾಡ್ತಾರೆ.

ಕ್ಲಬ್ ಬೇಕೇ ಬೇಕು ಅಂದ್ರೆ ಅಲ್ಲಿ ಲೆಕ್ಕನೇ ಬೇರೆ. ಬೆಂಗಳೂರಲ್ಲಿ ಒಂದು ಗಂಟೆಗೆ ಪೊಲೀಸ್ ಬರ್ತಾರೆ ಅಂತ ಕೊನೆ ಅರ್ಧ ಗಂಟೇಲಿ ಇರೋ ಹಿಟ್ ಹಾಡೆಲ್ಲಾ ಸುರೀತೀವಲ್ಲ, ಇಲ್ಲಿ ಆ ಅಭ್ಯಾಸ ಬಿಡ್ಬೇಕು. ಬರ್ಲಿನ್‌ನಲ್ಲಿ 1949ರಿಂದ ಬಾಗ್ಲು ಹಾಕೋ ಟೈಮೇ ಇಲ್ಲ, ನಿಂಗೆ ಸಿಗೋ ಸ್ಲಾಟು ಭಾನುವಾರ ಬೆಳಗ್ಗೆ ಎಂಟಕ್ಕೂ ಇರಬಹುದು, ಮೂರು ನಾಲ್ಕು ಗಂಟೆ ಒಂದೇ ಹದ ಹಿಡ್ಕೊಂಡು ಹೋಗ್ಬೇಕು. ಮಿಕ್ಸ್ ಕಳಿಸಿ ಇಮೇಲ್ ಹಾಕಿದ್ರೆ ಉತ್ತರ ಬರಲ್ಲ. ಇಲ್ಲಿ ಹಾರ್ಡ್ ವ್ಯಾಕ್ಸ್ ಅಂತ 1989ರಿಂದ ಇರೋ ರೆಕಾರ್ಡ್ ಅಂಗಡಿ ಇದೆ, ಅಂಥ ಕಡೆ ಹೋಗು, ಬೇರೆಯವರ ಸಣ್ಣ ಪಾರ್ಟಿಗೆ ಮಂಗಳವಾರ ಬುಧವಾರನೂ ಹೋಗು, ಮುಖ ಪರಿಚಯ ಆಗ್ಲಿ, ಪಾರ್ಟಿ ಶುರುವಲ್ಲಿ ಬಾರಿಸೋ ವಾರ್ಮ್‌ಅಪ್ ಸ್ಲಾಟ್ ಬರೋದೆಲ್ಲಾ ಹಂಗೇ.

ಗಿಗ್ ಆದಾಯ ಒಂದು ಹದಕ್ಕೆ ಬಂದ ಮೇಲೆ ಕಲಾವಿದರ ವಿಮಾ ನಿಧಿಗೆ ಅರ್ಜಿ ಹಾಕು, ಇಲ್ಲಿ ಎಲ್ಲಾ ಕಾ-ಎಸ್-ಕಾ ಅಂತಾರೆ, 1983ರಿಂದ ಇದೆ. ಹೆಲ್ತ್ ಇನ್ಶೂರೆನ್ಸ್, ಪೆನ್ಷನ್ ಕಂತಿನ ಹೆಚ್ಚುಕಮ್ಮಿ ಅರ್ಧ ಅವರು ಕಟ್ತಾರೆ, ಅದಿಲ್ದೆ ಫ್ರೀಲಾನ್ಸರ್‌ಗೆ ಇನ್ಶೂರೆನ್ಸೇ ಬೆನ್ನು ಮುರಿಯುತ್ತೆ. ಬರೀ ಹಾಡು ಒಂದಾದ ಮೇಲೊಂದು ಹಾಕೋನು ಅಂದ್ರೆ ಕಲಾವಿದ ಅಂತ ಒಪ್ಪಲ್ಲ, ಅರ್ಜೀಲಿ ಮದುವೆ ಫೋಟೋ ಇಡ್ಬೇಡ, ನಿನ್ನ ಸ್ವಂತ ಎಡಿಟ್, ರೀಮಿಕ್ಸ್, ನಿನ್ನ ಹೆಸರಿರೋ ಪೋಸ್ಟರ್ ಇಡು.

ಕಿವಿಗೆ ಅಳತೆ ಕೊಟ್ಟು ಮಾಡಿಸೋ ಪ್ಲಗ್ ತಗೋ, ಮೊದಲ ದೊಡ್ಡ ಪೇಮೆಂಟಲ್ಲೇ, ಇದ್ರಲ್ಲಿ ಜಿಪುಣತನ ಬೇಡ. ರಾತ್ರಿ ಹತ್ತರ ಮೇಲೆ ಮನೇಲಿ ಸ್ಪೀಕರ್ ಹಾಕಿದ್ರೆ ಪಕ್ಕದ ಮನೆಯವರು ನಿನ್ನ ಹತ್ರ ಮಾತಾಡಲ್ಲ, ಸೀದಾ ಪೊಲೀಸ್‌ಗೆ ಫೋನ್ ಮಾಡ್ತಾರೆ, ಪ್ರಾಕ್ಟೀಸ್ ಏನಿದ್ರೂ ಹೆಡ್‌ಫೋನಲ್ಲೇ. ಕ್ಲಬ್ಬಲ್ಲಿ ಸಿಡಿಜೆ (ಹಾಡು ಹಾಕೋ ಪ್ಲೇಯರ್), ಮಿಕ್ಸರ್ ಅವರದ್ದೇ ಇರುತ್ತೆ, ಎರಡು ಪೆನ್‌ಡ್ರೈವ್ ಫ್ಯಾಟ್ 32 ಫಾರ್ಮ್ಯಾಟಲ್ಲಿ ಇಟ್ಕೊಂಡ್ರೆ ಸಾಕು. ಆದ್ರೂ ನಿನ್ನ ಕಂಟ್ರೋಲರ್ (ಪ್ಲೇಯರ್, ಮಿಕ್ಸರ್ ಎರಡರ ಕೆಲಸನೂ ಮಾಡೋ ಡಬ್ಬ) ಬೆಂಗಳೂರಲ್ಲಿ ಮಾರಿ ಬರ್ಬೇಡ, ಇಲ್ಲಿನ ಮದುವೆ ಹಾಲಲ್ಲಿ ಮೇಜು ಮತ್ತು ಪ್ಲಗ್ ಪಾಯಿಂಟ್ ಬಿಟ್ರೆ ಏನೂ ಇರಲ್ಲ.