ಯಕ್ಷಗಾನ ಆಟದ ವೀಡಿಯೊ ಹಾಕ್ಲಿಕ್ಕೆ ಜಾಗ ಇಲ್ಲ, ಎಂತ ಮಾಡುದು?

ಪ್ರಶ್ನೆ: ಸರ್, ನಮ್ಮ ಡೆಸ್ಕ್‌ಟಾಪ್ 2015ರದ್ದು, ಡಿಸ್ಕ್ ಬರೀ 500 ಜಿಬಿ. ನಾನು ಮೊಬೈಲಲ್ಲಿ ರೆಕಾರ್ಡ್ ಮಾಡಿದ ಯಕ್ಷಗಾನ ಎಲ್ಲ ಅದ್ರಲ್ಲೇ ಉಂಟು, ಈಗ ಫುಲ್. ಅಂಗಡಿಯವ್ರು ಅಡಾಪ್ಟರ್ ಹಾಕುವ ದೊಡ್ಡ ಡಿಸ್ಕ್ ತೆಗೊಳ್ಳಿ ಅಂತಾರೆ, ತಂಗಿ ಮಗ ಮೆಮರಿ ಚಿಪ್ ಇರುವ ಡಿಸ್ಕ್, ಎಸ್‌ಎಸ್‌ಡಿನೇ ಬೇಕು ಅಂತಾನೆ. ಹಳೆ ಕಂಪ್ಯೂಟರಿನ ಡಿಸ್ಕ್ ಒಂದು ಅಟ್ಟದಲ್ಲಿ ಉಂಟು, ಅದು ಆಗ್ತದಾ?
— ಓದುಗರು, ಬ್ರಹ್ಮಾವರ

ಉತ್ತರ: ಮಾರಾಯ್ರೆ, ಎರಡೂ ಬೇಡ. ಮೊಬೈಲಿನ ಫುಲ್ ಎಚ್‌ಡಿ ಗಂಟೆಗೆ ಸುಮಾರು 7-8 ಜಿಬಿ ತಿಂತದೆ, ಐದು ಗಂಟೆಯ ಆಟ ಅಂದ್ರೆ ಹತ್ತಿರ ಹತ್ತಿರ 40 ಜಿಬಿ, 1 ಟಿಬಿ ಅಂತ ಬರೆದ ಡಿಸ್ಕ್ ವಿಂಡೋಸಲ್ಲಿ ತೋರಿಸುದು 931 ಜಿಬಿ, ಅದಕ್ಕೆ ಇಪ್ಪತ್ತಮೂರು ಆಟಕ್ಕೆ ಅದೂ ಫುಲ್. ಹಾಗಾಗಿ ಅಂಗೈಯಷ್ಟು ದೊಡ್ಡದಿರುವ ಎರಡೂವರೆ ಇಂಚಿನ ಪೋರ್ಟಬಲ್ ಹಾರ್ಡ್ ಡಿಸ್ಕ್, 2 ಟಿಬಿದು ತೆಗೊಳ್ಳಿ. ಕರೆಂಟು ಯುಎಸ್‌ಬಿಯಿಂದಲೇ ಬರ್ತದೆ. ಅಡಾಪ್ಟರ್ ಇದ್ರೆ ಸಿಡಿಲು ಬರುವಾಗ ಓಡಿಹೋಗಿ ತೆಗೀಲಿಕ್ಕೆ ಇನ್ನೊಂದು ಪ್ಲಗ್ ಆಯ್ತು ಅಷ್ಟೆ. ಎಸ್‌ಎಸ್‌ಡಿ ಸ್ಪೀಡು ಹೌದು, ಆದ್ರೆ ಅಷ್ಟೇ ಜಾಗಕ್ಕೆ ದುಡ್ಡು ಜಾಸ್ತಿ, ಮತ್ತೆ ಕರೆಂಟಿಲ್ಲದೆ ವರ್ಷಗಟ್ಲೆ ಕಪಾಟಲ್ಲಿಟ್ರೆ ಅದನ್ನು ನಂಬ್ಲಿಕ್ಕಾಗುದಿಲ್ಲ. ಆನ್‌ಲೈನಲ್ಲಿ ಎರಡು ಸಾವಿರಕ್ಕೆ 16 ಟಿಬಿ ಎಸ್‌ಎಸ್‌ಡಿ ಅಂತ ಬರ್ತದಲ್ಲ, ಅದರ ಒಳಗೆ ಚಿಕ್ಕ ಮೆಮರಿ ಕಾರ್ಡ್ ಇರ್ತದೆ, ಹತ್ತಿರವೂ ಹೋಗ್ಬೇಡಿ.

ಸಿಕ್ಕಿಸುದು ಸಿಪಿಯು ಹಿಂದಿನ ನೀಲಿ ಪೋರ್ಟಿಗೆ. ಒಂದು ಆಟ ಕಾಪಿ ಆಗ್ಲಿಕ್ಕೆ ಅದ್ರಲ್ಲಿ ಆರೇಳು ನಿಮಿಷ, ಹಳೆ ಕಪ್ಪು ಪೋರ್ಟಲ್ಲಿ ಇಪ್ಪತ್ತು. ಒಮ್ಮೆ ನಾನು ಬಗ್ಗುದು ಯಾಕೆ ಅಂತ ಉದ್ದ ವೈರ್ ಹಾಕಿ ಎದುರಿನ ಪೋರ್ಟಿಗೆ ಕೊಟ್ಟೆ, ಡಿಸ್ಕ್ ಟಿಕ್ ಟಿಕ್ ಅಂತ ಹೊಡ್ಕೊಳ್ತದೆ, ಲೈಟ್ ಉರೀತದೆ ಆರ್ತದೆ, ಹೋಯ್ತು ಇದು ಅಂತ ಗ್ರಹಿಸಿದೆ. ಪವರ್ ಸಾಲ್ತಾ ಇರ್ಲಿಲ್ಲ, ಅದರದ್ದೇ ಗಿಡ್ಡ ವೈರಲ್ಲಿ ಹಿಂದೆ ಹಾಕಿದ್ದೇ ಸರಿಯಾಯ್ತು.

ಮುಖ್ಯ ವಿಷಯ, ಹೊಸ ಡಿಸ್ಕಿಗೆ ಹಾಕಿ ಕಂಪ್ಯೂಟರಿಂದ ಡಿಲೀಟ್ ಮಾಡಿದ್ರೆ ಅದು ಬ್ಯಾಕಪ್ ಅಲ್ಲ, ಮೊದ್ಲೂ ಒಂದೇ ಕಾಪಿ, ಈಗ್ಲೂ ಒಂದೇ, ಮೇಜಿಂದ ಬಿದ್ರೆ ಅಷ್ಟೂ ಆಟ ಮುಗೀತು. ಅಟ್ಟದ ಡಿಸ್ಕ್ ಬೇಕಾಗುದು ಇಲ್ಲಿ. ಅಡಾಪ್ಟರ್ ಸಮೇತ ಮೂರೂವರೆ ಇಂಚಿನ ಸಾಟಾ ಕೇಸಿಂಗ್, ಅಂದ್ರೆ ಡಿಸ್ಕನ್ನು ಒಳಗೆ ಕೂರಿಸಿ ಯುಎಸ್‌ಬಿಗೆ ಸಿಕ್ಕಿಸುವ ಪೆಟ್ಟಿಗೆ ಕೇಳಿ, ಡಿಸ್ಕನ್ನೂ ಅಂಗಡಿಗೆ ತೆಗೊಂಡೇ ಹೋಗಿ, ಯಾಕಂದ್ರೆ ಎರಡು ಸಾಲು ಪಿನ್ ಇರುವ ಅಗಲ ಸಾಕೆಟ್ ಇದ್ರೆ ಅದು ಸಾಟಾಕ್ಕಿಂತ ಹಳೆ ನಮೂನೆಯ ಐಡಿಇ ಡಿಸ್ಕ್, ಈ ಕೇಸಿಂಗ್ ಆಗುದಿಲ್ಲ. ಸಿಕ್ಕಿಸಿದ ಮೇಲೆ ಡಿಸ್ಕಿನ ಆರೋಗ್ಯ ನೋಡ್ಲಿಕ್ಕೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಉಂಟು, ನೀಲಿ ಬಂದ್ರೆ ಎರಡನೇ ಕಾಪಿಗೆ ಅಡ್ಡಿಲ್ಲ, ಹಳದಿ ಬಂದ್ರೆ ಒಳಗಿದ್ದದ್ದನ್ನು ತೆಗೊಂಡು ಬಿಟ್ಬಿಡಿ.

ಮಳೆಗಾಲದಲ್ಲಿ ನಮ್ಮಲ್ಲಿ ಚಪ್ಪಲಿಗೂ ಬೂಸ್ಟು ಹಿಡೀತದಲ್ಲ, ಮೇ ಕೊನೆಗೆ ಪತ್ತನಾಜೆ ಕಳೆದು ಮೇಳದವ್ರು ಗೆಜ್ಜೆ ಬಿಚ್ಚಿದ ಮೇಲೆ ನೀವೂ ಡಿಸ್ಕನ್ನು ಗಾಳಿ ಆಡದ ಡಬ್ಬಕ್ಕೆ ಹಾಕಿ, ಹೊಸ ಬ್ಯಾಗಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಲೆ ಒಂದೆರಡು ಒಳಗಿಡಿ, ತಿಂಗಳಿಗೊಮ್ಮೆ ಹೊರಗೆ ತೆಗ್ದು ಸಿಕ್ಕಿಸಿ ಯಾವ್ದಾದ್ರೂ ಆಟ ಅರ್ಧ ಗಂಟೆ ನೋಡಿ.