ಎಂಎ ಪ್ರಬಂಧಕ್ಕೆ ಊರಿನ ಶಾಸನಗಳ ಬಗ್ಗೆ ಹಳೆಯ ಲೇಖನ ಬೇಕು, ಮನೆಯಿಂದ ಕಾಲೇಜಿನ ಜೆಸ್ಟೋರ್ (ಸಂಶೋಧನಾ ಲೇಖನಗಳ ಆನ್‌ಲೈನ್ ಭಂಡಾರ) ತೆರೆಯುತ್ತಿಲ್ಲ. ಸ್ವಂತ ಚಂದಾ ಕಟ್ಟಲೇ?

ಬೇಡ, ಕಟ್ಟಬೇಡಿ. "ಕಾಲೇಜಿನಲ್ಲೇ ಕೂತು ಹುಡುಕಿದರೂ 1950ಕ್ಕಿಂತ ಹಿಂದಿನದು ಸಿಗಲಿಲ್ಲ, ಬಹುಶಃ ಯಾರೂ ಬರೆದಿಲ್ಲ" ಅಂತ ಕೊನೆಯಲ್ಲಿ ಸೇರಿಸಿದ್ದೀರಲ್ಲ, ಆ ಸಾಲು ಓದಿ ಎದೆ ಧಸಕ್ಕೆಂದಿತು. ಹತ್ತು ವರ್ಷದ ಹಿಂದೆ ನನ್ನ ಪಿಎಚ್‌ಡಿಯ ಮೊದಲ ಅಧ್ಯಾಯದಲ್ಲಿ ನಾನೂ ಇಂಥದ್ದೇ ಒಂದು ಸಾಲು ಬರೆದಿದ್ದೆ.

ನನ್ನ ವಿಷಯ ಧಾರವಾಡ ಸೀಮೆಯ ಚಾಲುಕ್ಯರ ಕಾಲದ ಶಾಸನಗಳು. ಜೆಸ್ಟೋರ್ ಕಾಲೇಜನ್ನು ಗುರುತಿಸುವುದು ಅಲ್ಲಿನ ಇಂಟರ್ನೆಟ್ ವಿಳಾಸದಿಂದ. ಮನೆಯ ನೆಟ್ ಅದಕ್ಕೆ ಅಪರಿಚಿತ, ಹಾಗಾಗಿ ಬಾಗಿಲು ತೆಗೆಯುವುದಿಲ್ಲ. ವಾರಕ್ಕೆರಡು ದಿನ ಬೆಳಗಿನ ಬಸ್ಸು ಹಿಡಿದು ಲೈಬ್ರರಿಗೆ ಹೋಗಿ, ಸಂಜೆಯವರೆಗೆ ಅಲ್ಲಿನ ಕಂಪ್ಯೂಟರಿನಲ್ಲಿ ಹುಡುಕುತ್ತಿದ್ದೆ. ಆ ದಿನಗಳಲ್ಲಿ ನನ್ನ ಚಿಂತೆಯೆಲ್ಲ ಮನೆಯಿಂದ ಲಾಗಿನ್ ಹೇಗೆ ಸಿಕ್ಕೀತು ಅನ್ನುವುದೊಂದೇ. ನಿಮ್ಮದೂ ಈಗ ಅದೇ ಆಗಿದೆ.

ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹುಡುಕುವ ಪೆಟ್ಟಿಗೆಯಲ್ಲಿ ನಾನು ಟೈಪ್ ಮಾಡಿದ್ದು ಇಂಗ್ಲಿಷಿನಲ್ಲಿ "ಧಾರವಾಡ", "ಕನ್ನಡ", "ಶಾಸನ", ಈ ಮೂರು ಪದ. ನಾವು ಇವತ್ತು ಬರೆಯುವ ಸ್ಪೆಲಿಂಗಿನಲ್ಲೇ. ಬಂದ ಲೇಖನಗಳೆಲ್ಲ ಸ್ವಾತಂತ್ರ್ಯಾನಂತರದವು. ಒಂದಲ್ಲ, ಹತ್ತು ಸಲ ಹುಡುಕಿದೆ, ಆದರೆ ಹತ್ತು ಸಲವೂ ಅದೇ ಮೂರು ಪದ. ಆ ಯಂತ್ರಕ್ಕೆ ಧಾರವಾಡ ಎಂಬ ಊರು ಗೊತ್ತಿಲ್ಲ. ಸ್ಕ್ಯಾನ್ ಮಾಡಿದ ಪುಟದ ಮೇಲೆ ಅಚ್ಚಾದ ಅಕ್ಷರಗಳನ್ನು ಅದು ಹೊಂದಿಸಿ ನೋಡುತ್ತದೆ, ಅಷ್ಟೇ. ಬ್ರಿಟಿಷರ ಕಾಲದ ಪುಟದಲ್ಲಿ ನಮ್ಮೂರಿನ ಹೆಸರು "ಧಾರವಾರ್" ಅಂತಿರುತ್ತದೆ, ಕೊನೆಗೆ ಡಿ ಅಲ್ಲ, ಆರ್. ಕನ್ನಡ ಅಲ್ಲಿ "ಕ್ಯಾನರೀಸ್". ಅದೂ ಒಂದು ಕಡೆ ಸಿ ಇಂದ, ಇನ್ನೊಂದು ಕಡೆ ಕೆ ಇಂದ. ಬ್ರಿಟಿಷ್ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್ ಒಬ್ಬರನ್ನೇ ನೋಡಿ. ಇಂಡಿಯನ್ ಆಂಟಿಕ್ವರಿ ಎಂಬ ಪತ್ರಿಕೆಯಲ್ಲಿ ಬಂದ ಅವರ ಶಾಸನಮಾಲೆಯ ತಲೆಬರಹದಲ್ಲಿ ಕ್ಯಾನರೀಸ್ ಪದ ಸಿ ಇಂದ ಶುರುವಾಗುತ್ತದೆ. 1882ರಲ್ಲಿ ಬಂದ, ಬೊಂಬಾಯಿ ಪ್ರಾಂತದ ಕನ್ನಡ ಜಿಲ್ಲೆಗಳ ಅರಸುಮನೆತನಗಳನ್ನು ಕುರಿತ ಅವರದೇ ಪುಸ್ತಕದ ಹೆಸರಿನಲ್ಲಿ ಅದೇ ಪದ ಕೆ ಇಂದ. ನಾನು ಇದ್ಯಾವುದನ್ನೂ ಹಾಕಿ ನೋಡಲಿಲ್ಲ. ಫ್ಲೀಟ್ ಹೆಸರು ಗೊತ್ತಿತ್ತು, ಅವರಿಗಿಂತ ಹಿಂದಿನದು ಸಿಗಲಿಲ್ಲ ಅಂದಮೇಲೆ ಇಲ್ಲವೇ ಇಲ್ಲ ಅಂದುಕೊಂಡೆ. ಅಂದುಕೊಂಡು ಸುಮ್ಮನಿದ್ದರೂ ಆಗುತ್ತಿತ್ತು, "ಈ ಸೀಮೆಯ ಶಾಸನಗಳ ಅಧ್ಯಯನ ಶುರುವಾಗುವುದೇ ಫ್ಲೀಟ್ ಅವರಿಂದ" ಎಂದು ಪ್ರಬಂಧದಲ್ಲಿ ಬರೆದು, ಇಡೀ ಅಧ್ಯಾಯವನ್ನು ಆ ವಾಕ್ಯದ ಮೇಲೆ ಕಟ್ಟಿದೆ.

ಪ್ರಬಂಧ ಒಪ್ಪಿಸುವ ಮುಂಚಿನ ಮಂಡನೆಯಲ್ಲಿ ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕರು ಕೇಳಿದ್ದು ಒಂದೇ ಪ್ರಶ್ನೆ. "ವಾಲ್ಟರ್ ಎಲಿಯಟ್‌ನನ್ನು ಎಲ್ಲಿ ಬಿಟ್ಟಿರಮ್ಮ?"

ನನ್ನಲ್ಲಿ ಉತ್ತರ ಇರಲಿಲ್ಲ. ಎಲಿಯಟ್ ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದವರು. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಇವರೂ ಒಬ್ಬರು. ಕಿತ್ತೂರಿನ ಕಥೆ ಕೇಳುತ್ತಲೇ ಬೆಳೆದ ನನಗೆ ಅದೇ ಮನುಷ್ಯ ನಮ್ಮ ಸೀಮೆಯ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದ್ದು ಗೊತ್ತಿರಲಿಲ್ಲ. ಅವುಗಳ ಆಧಾರದ ಮೇಲೆ ಅವರು ಬರೆದ ಲೇಖನ 1837ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಆಗ ಫ್ಲೀಟ್ ಇನ್ನೂ ಹುಟ್ಟಿರಲಿಲ್ಲ, ಅವರು ಹುಟ್ಟಿದ್ದು 1847ರಲ್ಲಿ. ಲೇಖನದ ಹೆಸರು "ಹಿಂದೂ ಇನ್‌ಸ್ಕ್ರಿಪ್ಶನ್ಸ್", ಅಷ್ಟೇ. ಊರಿನ ಹೆಸರೂ ಇಲ್ಲ, ಭಾಷೆಯ ಹೆಸರೂ ಇಲ್ಲ. ನನ್ನ ಮೂರು ಪದಕ್ಕೆ ಅದು ಸಿಗುವುದಾದರೂ ಹೇಗೆ?

ಅಧ್ಯಾಯ ವಾಪಸ್ ಬಂತು. ತಿದ್ದಿ ಬರೆಯಲು ಎಂಟು ತಿಂಗಳು ಹಿಡಿಯಿತು, ಅಷ್ಟರಲ್ಲಿ ಫೆಲೋಶಿಪ್ಪಿನ ಅವಧಿ ಮುಗಿದುಹೋಯಿತು. ಇನ್ನೂ ಸಂಕಟವಾದದ್ದು ಬೇರೆ ಕಾರಣಕ್ಕೆ. ಆ ಲೇಖನಕ್ಕೆ ಲಾಗಿನ್ನೇ ಬೇಕಿರಲಿಲ್ಲ. ಅಮೆರಿಕದಲ್ಲಿ 1923ಕ್ಕೆ ಮುಂಚೆ, ಉಳಿದ ದೇಶಗಳಲ್ಲಿ 1870ಕ್ಕೆ ಮುಂಚೆ ಅಚ್ಚಾದ ಲೇಖನಗಳನ್ನು ಜೆಸ್ಟೋರ್ 2011ರಲ್ಲೇ ಎಲ್ಲರಿಗೂ ಬಿಟ್ಟುಕೊಟ್ಟಿತ್ತು. ಬಸ್ಸು ಹತ್ತದೆ, ಅಡುಗೆಮನೆಯಲ್ಲಿ ಕೂತು ಫೋನಿನಲ್ಲೇ ಓದಬಹುದಿತ್ತು.

ಆದ್ದರಿಂದ ಚಂದಾ ವಿಷಯ ಪಕ್ಕಕ್ಕಿಡಿ. ಒಂದು ಉಚಿತ ಖಾತೆ ತೆರೆದರೆ ಚಂದಾದೊಳಗಿನ ಲೇಖನಗಳಲ್ಲೂ ತಿಂಗಳಿಗೆ ನೂರರವರೆಗೆ ತೆರೆಯ ಮೇಲೆ ಓದಬಹುದು. ಎಂಎ ಪ್ರಬಂಧಕ್ಕೆ ಅದು ಧಾರಾಳ. ಕಾಲೇಜಿನ ಹೊರಗಿನಿಂದ ತೆರೆಯುವ ಏರ್ಪಾಡು ಇದೆಯೇ ಎಂದು ಲೈಬ್ರರಿಯನ್ ಅವರನ್ನು ಒಮ್ಮೆ ಕೇಳಿ ಸಾಕು, ಅದರ ಹಿಂದೆ ಅಲೆಯಬೇಡಿ.

ಮೊದಲು ಕಾಗದದ ಮೇಲೆ ನಿಮ್ಮ ಊರು, ತಾಲ್ಲೂಕು, ಜಿಲ್ಲೆ, ಅಲ್ಲಿ ಆಳಿದ ಮನೆತನ ಇವುಗಳ ಹಳೆಯ ಇಂಗ್ಲಿಷ್ ಸ್ಪೆಲಿಂಗ್‌ಗಳನ್ನು ಬರೆದುಕೊಳ್ಳಿ. ಬೆಳಗಾವಿ, ಬಳ್ಳಾರಿ, ಶಿವಮೊಗ್ಗ, ಕಲಬುರಗಿ ಕಡೆಯವರಾದರೆ ಇದು ಕಡ್ಡಾಯ, ಯಾಕೆಂದರೆ ಈಗಿನ ರೂಪ ಸರ್ಕಾರಿ ಲೆಕ್ಕಕ್ಕೆ ಬಂದದ್ದೇ 2014ರಲ್ಲಿ. ಚಾಲುಕ್ಯದಂಥ ಪದಗಳಲ್ಲಿ ದೀರ್ಘಾಕ್ಷರದ ನೆತ್ತಿಯ ಮೇಲೆ ಟೋಪಿಯಂಥ ಗುರುತು ಇರುತ್ತಿತ್ತು, ಯಂತ್ರ ಅಲ್ಲಿ ಎಡವುತ್ತದೆ. ಆ ಅಕ್ಷರದ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹುಡುಕಿ. ಕಾಲಮಿತಿಯನ್ನು 1900ಕ್ಕೆ ನಿಲ್ಲಿಸಿ, ಹಳೆಯದು ಮೊದಲು ಬರುವಂತೆ ಜೋಡಿಸಿ. ಎಲ್ಲವೂ ಜೆಸ್ಟೋರಿನಲ್ಲೇ ಇರಬೇಕೆಂದಿಲ್ಲ. 1872ರಲ್ಲಿ ಬೊಂಬಾಯಿಯಲ್ಲಿ ಶುರುವಾದ ಇಂಡಿಯನ್ ಆಂಟಿಕ್ವರಿಯ ಸಂಪುಟಗಳನ್ನು ನಾನು ಓದಿದ್ದು ಆರ್ಕೈವ್ ಡಾಟ್ ಆರ್ಗ್‌ನಲ್ಲಿ, ದುಡ್ಡು ಕೊಡದೆ.

"ಯಾರೂ ಬರೆದಿಲ್ಲ" ಅನ್ನುವ ಸಾಲು ನಿಮ್ಮ ಕರಡಿನಲ್ಲಿದ್ದರೆ ಇವತ್ತೇ ತೆಗೆದುಹಾಕಿ. ನಿಮ್ಮ ಊರು ಯಾವುದೆಂದು ತಿಳಿಸಿ, ನನಗೆ ಗೊತ್ತಿರುವ ಹಳೆಯ ಸ್ಪೆಲಿಂಗ್‌ಗಳನ್ನು ಬರೆದು ಕಳಿಸುತ್ತೇನೆ.